ಸ್ಯಾಂಡ್‌ವಿಚ್ ಮೇಕರ್‌ನ ಹಳೇ ಜಿಡ್ಡಿಗೆ ಅಡುಗೆ ಸೋಡಾ: ಕೋಟಿಂಗ್ ಕೆಡದಂತೆ ಕ್ಲೀನ್ ಮಾಡುವ ಕ್ರಮ

ಹೊಸ ಸ್ಯಾಂಡ್‌ವಿಚ್ ಮೇಕರ್‌ನಲ್ಲಿ ಬ್ರೆಡ್ ತಾನಾಗಿಯೇ ಜಾರಿ ತಟ್ಟೆಗೆ ಬರುತ್ತದೆ. ಕೆಲವು ತಿಂಗಳು ಹೋಗಲಿ, ಕಥೆ ಬದಲಾಗುತ್ತದೆ. ಮೂಲೆಗಳಲ್ಲಿ ಕಂದು ಬಣ್ಣದ ಅಂಟು ಕೂರುತ್ತದೆ. ಬ್ರೆಡ್ಡನ್ನು ತ್ರಿಕೋನವಾಗಿ ಕತ್ತರಿಸುವ ಏಣಿನ ಬುಡದಲ್ಲಿ ಚೀಸ್ ಸೀದು ಕರ್ರಗಾಗಿರುತ್ತದೆ. ಪ್ಲಗ್ ಹಾಕಿದ ಎರಡು ನಿಮಿಷಕ್ಕೆ ಹಳೇ ಎಣ್ಣೆಯ ಕಮಟು ವಾಸನೆ ಅಡುಗೆಮನೆ ತುಂಬುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಸ್ಟೀಲ್ ನಾರು ತಗೊಂಡು ಗರಗರ ಉಜ್ಜುತ್ತಾರೆ, ಇಲ್ಲವೇ "ಇದರ ಆಯಸ್ಸು ಮುಗೀತು" ಅಂತ ಅಟ್ಟಕ್ಕೆ ಹಾಕುತ್ತಾರೆ. ಎರಡೂ ಬೇಕಿಲ್ಲ. ದೋಸೆಗೆ, ಬಜ್ಜಿಗೆ ಅಂತ ಡಬ್ಬದಲ್ಲಿ ಇಟ್ಟಿರುವ ಅಡುಗೆ ಸೋಡಾ, ಒಂದು ಹಳೇ ಹತ್ತಿ ಬಟ್ಟೆ, ಒಂದೂವರೆ ಗಂಟೆ ಬಿಡುವು ಇದ್ದರೆ ಸಾಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ. ಈ ಕೆಲಸ ಕೈಬಲದಿಂದ ಆಗುವುದಲ್ಲ, ನೆನೆಯುವುದರಿಂದ ಆಗುತ್ತದೆ. ಪ್ಲೇಟಿನ ಮೇಲಿನ ನಾನ್‌ಸ್ಟಿಕ್ ಕೋಟಿಂಗ್ ನಮ್ಮ ತಲೆಗೂದಲಿಗಿಂತ ತೆಳು. ಜೋರಾಗಿ ತಿಕ್ಕಿದರೆ ಜಿಡ್ಡಿನ ಜೊತೆ ಅದೂ ಹೋಗುತ್ತದೆ. ಒಮ್ಮೆ ಹೋದ ಕೋಟಿಂಗ್ ಮನೆಯಲ್ಲಿ ಮತ್ತೆ ಬರುವುದಿಲ್ಲ.

ಅಲ್ಲಿ ಅಂಟಿರುವುದಾದರೂ ಏನು?

ನೋಡಲು ಎಲ್ಲವೂ ಒಂದೇ ಕಂದು ಬಣ್ಣ. ಆದರೆ ಅದರಲ್ಲಿ ಬೇರೆ ಬೇರೆ ಪದಾರ್ಥಗಳಿವೆ, ಒಂದೊಂದೂ ಬಿಡುವ ರೀತಿ ಬೇರೆ.

ಮೊದಲನೆಯದು ಬೆಣ್ಣೆ. ಅಂಗಡಿ ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು, ಉಳಿದದ್ದರಲ್ಲಿ ಜಾಸ್ತಿ ನೀರು, ಜೊತೆಗೆ ಒಂದಿಷ್ಟು ಹಾಲಿನ ಅಂಶ. ಪ್ಲೇಟು 200 ಡಿಗ್ರಿ ಆಸುಪಾಸು ಕಾದಾಗ ನೀರು ಆವಿಯಾಗುತ್ತದೆ, ಹಾಲಿನ ಅಂಶ ಸೀದು ಚುಕ್ಕೆ ಚುಕ್ಕೆಯಾಗಿ ಅಂಟುತ್ತದೆ. ಬೆಣ್ಣೆ ಕಾಯಿಸುವಾಗ ಪಾತ್ರೆಯ ತಳದಲ್ಲಿ ಗಸಿ ನಿಲ್ಲುತ್ತದಲ್ವಾ, ಅದೇ ಇದು. ಇದು ಸುಲಭವಾಗಿ ಬಿಡುತ್ತದೆ.

ಎರಡನೆಯದು ಎಣ್ಣೆಯ ಗಟ್ಟಿ ಪದರ. ತೆಳುವಾಗಿ ಹರಡಿದ ಎಣ್ಣೆ ಮತ್ತೆ ಮತ್ತೆ ಕಾದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ವಾರ್ನಿಶ್ ತರಹದ ಪದರವಾಗುತ್ತದೆ. ಕಬ್ಬಿಣದ ದೋಸೆ ಕಲ್ಲನ್ನು ಪಳಗಿಸುವಾಗ ನಾವು ಬೇಕಂತಲೇ ಮಾಡುವುದು ಇದನ್ನೇ. ಕಲ್ಲಿನ ಮೇಲೆ ಅದು ವರ, ನಾನ್‌ಸ್ಟಿಕ್ ಮೇಲೆ ಕಾಟ. ಏಕೆಂದರೆ ಇಲ್ಲಿ ಅದು ಸಮನಾಗಿ ಕೂರುವುದಿಲ್ಲ. ಅರೆಬರೆ ಅಂಟಂಟಾಗಿ ಉಳಿದು ಬ್ರೆಡ್ಡನ್ನು ಹಿಡಿದುಕೊಳ್ಳುತ್ತದೆ. ಮಾಮೂಲಿ ಸೋಪಿಗೆ ಇದು ಜಗ್ಗುವುದಿಲ್ಲ. ಸೋಡಾ ಬೇಕಾಗುವುದು ಮುಖ್ಯವಾಗಿ ಇದಕ್ಕೇ.

ಮೂರನೆಯದು ಚೀಸ್, ಜಾಮ್, ಕೆಚಪ್ ಇಂಥವು. ಸಕ್ಕರೆ ಸೀದು ಗಾಜಿನಂತೆ ಗಟ್ಟಿಯಾಗುತ್ತದೆ, ಆದರೆ ಎಷ್ಟಾದರೂ ಅದು ನೀರಿಗೆ ನೆನೆಯುವ ವಸ್ತು. ಬಿಸಿನೀರಿನ ಬಟ್ಟೆ ಇಟ್ಟು ಕಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸೋಡಾ ಮಾಡುವ ಕೆಲಸ, ಮತ್ತು ಯಾವ ಸೋಡಾ

ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಇದು ಮೃದುವಾದ ಕ್ಷಾರ. ನೀರಿನಲ್ಲಿ ಕರಗಿದಾಗ ಇದರ ಪಿಎಚ್ ಸುಮಾರು 8.3. ಹಳೇ ಎಣ್ಣೆಯಲ್ಲಿ ಹುಳಿತ ಆಮ್ಲಗಳಿರುತ್ತವೆ. ಕಮಟು ವಾಸನೆಗೆ ಅವೂ ಒಂದು ಕಾರಣ. ಕ್ಷಾರ ಅವುಗಳ ಜೊತೆ ಸೇರಿ ಒಂಚೂರು ಸೋಪಿನಂಥದ್ದೇ ಆಗುತ್ತದೆ, ಪದರದ ಹಿಡಿತ ಸಡಿಲವಾಗುತ್ತದೆ.

ಇನ್ನೊಂದು ಗುಣ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. 100 ಮಿಲೀ ನೀರಿನಲ್ಲಿ ಹೆಚ್ಚೆಂದರೆ 10 ಗ್ರಾಂ ಸೋಡಾ ಕರಗುತ್ತದೆ. ಹಾಗಾಗಿ ಪೇಸ್ಟ್ ಮಾಡಿದಾಗ ಬಹುಪಾಲು ಸೋಡಾ ನುಣ್ಣನೆಯ ಹರಳಾಗಿಯೇ ಉಳಿಯುತ್ತದೆ. ಈ ಹರಳು ನಮ್ಮ ಉಗುರಿನಷ್ಟೇ ಗಡಸು. ಮೃದುವಾದ ಬಟ್ಟೆಯಲ್ಲಿ ಹಗುರವಾಗಿ ಒರೆಸಿದಾಗ ಅದು ಸಡಿಲವಾದ ಜಿಡ್ಡನ್ನು ಎಳೆದು ತರುತ್ತದೆ. ಪಾತ್ರೆ ತಿಕ್ಕುವ ಒರಟು ಪುಡಿಗಳ ಹಾಗೆ ಮೇಲ್ಮೈಯನ್ನು ಗೀಚುವುದಿಲ್ಲ. ಹಾಗಂತ ಸೋಡಾ ಹಾಕಿ ಗಂಟೆಗಟ್ಟಲೆ ಉಜ್ಜಬಹುದು ಅಂತಲ್ಲ.

ಕೊಳ್ಳುವಾಗ, ಡಬ್ಬದಿಂದ ತೆಗೆಯುವಾಗ ಹೆಸರು ಸರಿಯಾಗಿ ನೋಡಿ. ಬೇಕಿಂಗ್ ಪೌಡರ್ ಬೇಡ. ಅದರಲ್ಲಿ ಸೋಡಾ ಜೊತೆಗೆ ಹುಳಿಯ ಪುಡಿ, ಪಿಷ್ಟ ಸೇರಿರುತ್ತವೆ. ನೀರು ಬಿದ್ದ ಕೂಡಲೇ ಉಕ್ಕಿ ಸುಮ್ಮನಾಗುತ್ತದೆ, ಪಿಷ್ಟ ಅಂಟಾಗಿ ಕೂರುತ್ತದೆ. ಈನೋ ಕೂಡ ಬೇಡ. ಅದರಲ್ಲೂ ಸೋಡಾ ಮತ್ತು ಸಿಟ್ರಿಕ್ ಆಮ್ಲ ಎರಡೂ ಇವೆ, ನೊರೆ ಬಂದು ಮುಗಿಯುತ್ತದೆ ಅಷ್ಟೇ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಬೇಡವೇ ಬೇಡ. ಅದು ಸೋಡಿಯಂ ಕಾರ್ಬೊನೇಟ್, ಇದಕ್ಕಿಂತ ಬಹಳ ಕಟು. ಪ್ಲೇಟಿನ ಒಳಗಿರುವುದು ಅಲ್ಯೂಮಿನಿಯಂ. ಕೋಟಿಂಗ್ ಎಲ್ಲಾದರೂ ಸವೆದಿದ್ದರೆ ವಾಷಿಂಗ್ ಸೋಡಾ ಅಲ್ಲಿ ಲೋಹವನ್ನೇ ತಿನ್ನುತ್ತದೆ. ಕಾಸ್ಟಿಕ್ ಸೋಡಾದ ಮಾತೇ ಎತ್ತಬೇಡಿ. ಅದು ಕೈಯನ್ನೂ ಸುಡುತ್ತದೆ.

ಅಡುಗೆ ಸೋಡಾವನ್ನೂ ಕಾದ ಪ್ಲೇಟಿನ ಮೇಲೆ ಹಾಕಬಾರದು. 50 ಡಿಗ್ರಿ ದಾಟಿದ ಮೇಲೆ ಅದು ನಿಧಾನವಾಗಿ ಒಡೆದು ವಾಷಿಂಗ್ ಸೋಡಾ ಆಗುತ್ತಾ ಹೋಗುತ್ತದೆ. ಬಿಸಿ ಏರಿದಷ್ಟೂ ಬೇಗ. ಉಗುರುಬೆಚ್ಚಗಿದ್ದರೆ ಸಾಕು.

ನೊರೆ ನೋಡಿ ಮೋಸ ಹೋಗಬೇಡಿ

ಸೋಡಾ ಉದುರಿಸಿ, ಮೇಲೆ ವಿನೆಗರ್ ಸುರಿದು, ಬುಸಬುಸ ನೊರೆ ತೋರಿಸುವ ವಿಡಿಯೋಗಳು ಎಲ್ಲರ ಫೋನಿಗೂ ಬಂದಿರುತ್ತವೆ. ನೋಡಲು ಚೆನ್ನಾಗಿದೆ. ಆದರೆ ಕ್ಷಾರಕ್ಕೆ ಆಮ್ಲ ಬೆರೆಸಿದರೆ ಎರಡೂ ತಮ್ಮ ಶಕ್ತಿ ಕಳೆದುಕೊಳ್ಳುತ್ತವೆ. ಉಳಿಯುವುದು ನೀರು, ಸ್ವಲ್ಪ ಉಪ್ಪಿನಂಥ ಸೋಡಿಯಂ ಅಸಿಟೇಟ್. ಗುಳ್ಳೆಗಳು ಕಾರ್ಬನ್ ಡೈಆಕ್ಸೈಡ್, ಅವು ಹಾರಿಹೋಗುತ್ತವೆ. ಕಟ್ಟಿಕೊಂಡ ಸಿಂಕಿನ ಪೈಪಿನಲ್ಲಿ ಆ ಗುಳ್ಳೆಗಳ ಕದಲಿಕೆಯಿಂದ ಏನಾದರೂ ಪ್ರಯೋಜನ ಇರಬಹುದು. ಚಪ್ಪಟೆ ಪ್ಲೇಟಿನ ಗಟ್ಟಿ ಜಿಡ್ಡಿಗೆ ಇಲ್ಲ. ಸಾಲದ್ದಕ್ಕೆ ಉಕ್ಕಿದ ನೀರು ಪ್ಲೇಟಿನ ಅಂಚಿನಿಂದ ಒಳಗಿನ ವೈರಿಂಗ್ ಕಡೆ ಹರಿಯುತ್ತದೆ. ವಿನೆಗರ್ ಅಥವಾ ನಿಂಬೆಹುಳಿಗೆ ಈ ಕೆಲಸದಲ್ಲಿ ಜಾಗ ಇದೆ, ಆದರೆ ಅದು ಕೊನೆಯಲ್ಲಿ, ಸೋಡಾ ತೆಗೆದಾದ ಮೇಲೆ.

ನಿಮ್ಮ ಹತ್ತಿರ ಇರುವುದು ಯಾವ ಬಗೆ?

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪ್ಲೇಟು ಕಳಚಲು ಬಾರದ ಕರೆಂಟಿನ ಮೇಕರ್. ತ್ರಿಕೋನದ ಅಚ್ಚು ಇರಬಹುದು, ಗೆರೆಗೆರೆಯ ಗ್ರಿಲ್ ಇರಬಹುದು. ಕೆಳಗಿನ ಹಂತಗಳನ್ನು ಇದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಪ್ಲೇಟು ಕಳಚುವ ಮಾದರಿ ನಿಮ್ಮದಾದರೆ ಕೆಲಸ ಬಹಳ ಹಗುರ. ಪ್ಲೇಟು ತೆಗೆದು, ಬೆಚ್ಚಗಿನ ನೀರಿಗೆ ಎರಡು ಚಮಚ ಸೋಡಾ ಹಾಕಿ ಅರ್ಧ ಗಂಟೆ ಮುಳುಗಿಸಿಡಿ, ತೊಳೆಯಿರಿ, ಒಣಗಿಸಿ. ಗ್ಯಾಸ್ ಒಲೆ ಮೇಲೆ ಹಿಡಿಯುವ ಅಲ್ಯೂಮಿನಿಯಂ ಟೋಸ್ಟರ್‌ಗೆ ನಿಯಮ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಕೋಟಿಂಗ್ ಇನ್ನೂ ಇದೆಯಾ ಅಂತ ಅನುಮಾನ ಇದ್ದರೆ, ತಣ್ಣಗಿರುವಾಗ ಶುಭ್ರವಾಗಿರುವ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ದುಂಡಗೆ ನಿಂತರೆ ಕೋಟಿಂಗ್ ಚೆನ್ನಾಗಿದೆ. ಹರಡಿ ಚಪ್ಪಟೆಯಾದರೆ ಜಿಡ್ಡು ಮುಚ್ಚಿದೆ, ಅಥವಾ ಕೋಟಿಂಗ್ ಸವೆದಿದೆ.

ಶುರುವಿಗೆ ಮುಂಚೆ: ಕರೆಂಟ್ ಮತ್ತು ನೀರು

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ವೈರನ್ನು ಒದ್ದೆಯಾಗದ ಕಡೆ ಸುತ್ತಿಡಿ. ಅಡುಗೆ ಮುಗಿಸಿದ ಮೇಲೆ ಮೇಕರ್ ಉಗುರುಬೆಚ್ಚಗಾಗುವವರೆಗೆ ಬಿಡಿ. ಪ್ಲೇಟಿನ ಮೇಲೆ ಅಂಗೈ ಹಿಂದುಮುಂದು ನೋಡದೆ ಇಡುವ ಹಾಗಿರಬೇಕು. ಕಾದ ಪ್ಲೇಟಿಗೆ ತಣ್ಣೀರು ತಾಗಿಸಿದರೆ ಆವಿ ಕೈಗೆ ಹೊಡೆಯುತ್ತದೆ, ಪ್ಲೇಟು ಸೊಟ್ಟಗಾಗುವುದೂ ಉಂಟು.

ನಲ್ಲಿ ಕೆಳಗೆ ಹಿಡಿಯುವುದು, ಬಕೆಟ್ಟಿನಲ್ಲಿ ಮುಳುಗಿಸುವುದು, ಸ್ಪ್ರೇ ಬಾಟಲಿಯಿಂದ ನೇರ ಪ್ಲೇಟಿಗೆ ನೀರು ಹೊಡೆಯುವುದು, ಮೂರೂ ಬೇಡ. ಇದಕ್ಕೆ ಒಂದು ಗಟ್ಟಿ ಕಾರಣ ಇದೆ. ಪ್ಲೇಟಿನ ಹಿಂದೆ ಕೊಳವೆಯಂಥ ಹೀಟಿಂಗ್ ಕಾಯಿಲ್ ಇದ್ದರೆ, ಅದರ ತಂತಿಗೂ ಹೊರಗಿನ ಲೋಹಕ್ಕೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಕರೆಂಟನ್ನು ತಡೆಯುವುದು ಆ ಪುಡಿ. ಅದು ತೇವ ಹೀರುವ ಗುಣದ್ದು. ಒಳಗೆ ತೇವ ಸೇರಿದರೆ ಕರೆಂಟ್ ಬಾಡಿಗೆ ಸೋರುತ್ತದೆ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದು ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಮುಟ್ಟಿದವರಿಗೆ ಶಾಕ್. ನಮ್ಮ ಕರೆಂಟು 230 ವೋಲ್ಟು, ಹುಡುಗಾಟ ಅಲ್ಲ. ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಆಮೇಲೆ ಪ್ಲೇಟಿಗೆ ತಾಗಿಸಿ. ಇಡೀ ಕೆಲಸದಲ್ಲಿ ಈ ಒಂದು ನಿಯಮವನ್ನು ಸಡಿಲ ಬಿಡಬೇಡಿ.

ಬೇಕಾಗುವ ಸಾಮಾನು ಇಷ್ಟೇ. ನಾಲ್ಕೈದು ತುಂಡು ಹಳೇ ಬನಿಯನ್ ಬಟ್ಟೆ, ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್, ಬೆಚ್ಚಗಿನ ನೀರು, ಹಳೇ ಮೆತ್ತನೆ ಟೂತ್‌ಬ್ರಷ್, ಒಂದೆರಡು ಬಿದಿರಿನ ಕಡ್ಡಿ, ಕಿವಿಗೆ ಬಳಸುವ ಹತ್ತಿ ಕಡ್ಡಿ, ಹಳೇ ಪೇಪರ್. ಮನೆಯಲ್ಲಿ ಒಣಗಿದ ಹೀರೇಕಾಯಿ ನಾರು ಇದ್ದರೆ ಅದೃಷ್ಟ. ನೀರಿನಲ್ಲಿ ನೆನೆಸಿದರೆ ಅದು ಮೆತ್ತಗಾಗುತ್ತದೆ, ನಾನ್‌ಸ್ಟಿಕ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಸ್ಟೀಲ್ ನಾರು, ತೆಂಗಿನ ನಾರು, ಹಸಿರು ಸ್ಕ್ರಬ್ಬರ್, ಚಾಕು, ಸ್ಟೀಲ್ ಚಮಚ, ಇವನ್ನೆಲ್ಲ ಕೈಗೆ ಸಿಗದ ಹಾಗೆ ದೂರ ಇಟ್ಟುಬಿಡಿ. ಮಧ್ಯದಲ್ಲಿ ತಾಳ್ಮೆ ಕೆಟ್ಟಾಗ ಕೈ ಅವುಗಳ ಕಡೆಗೇ ಹೋಗುತ್ತದೆ.

ಹಂತ 1: ಒಣ ಕಸ ಮೊದಲು

ನೆಲದ ಮೇಲೆ ಪೇಪರ್ ಹಾಸಿ, ಮೇಕರ್ ತೆರೆದು, ವಾಲಿಸಿ ಬೆನ್ನಿಗೆ ಮೆಲ್ಲಗೆ ತಟ್ಟಿ. ಬ್ರೆಡ್ಡಿನ ಪುಡಿ ಉದುರುತ್ತದೆ. ಟೂತ್‌ಬ್ರಷ್‌ನಿಂದ ಮೂಲೆ, ಹಿಂಭಾಗದ ಕೀಲು, ಎಣ್ಣೆ ಹರಿಯುವ ಕಾಲುವೆ ಎಲ್ಲವನ್ನೂ ಒಣಗಿರುವಾಗಲೇ ಕೆರೆದು ತೆಗೆಯಿರಿ. ಈ ಪುಡಿಯನ್ನು ಬಿಟ್ಟು ನೀರು ತಾಗಿಸಿದರೆ ಅದು ಹಿಟ್ಟಾಗಿ ಇನ್ನೊಂದು ತಲೆನೋವು. ಆಮೇಲೆ ಹಸಿ ಎಣ್ಣೆ ಇರುವ ಕಡೆ ಟಿಶ್ಯೂ ಇಟ್ಟು ಒತ್ತಿ ಹೀರಿಸಿ.

ಹಂತ 2: ಬರೀ ಬೆಚ್ಚಗಿನ ಬಟ್ಟೆ

ಬನಿಯನ್ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ನಾಲ್ಕು ಮಡಿಕೆ ಮಾಡಿ ಎರಡು ಪ್ಲೇಟಿನ ನಡುವೆ ಇಟ್ಟು ಮುಚ್ಚಿ. ಹತ್ತು ನಿಮಿಷ ಬಿಡಿ. ಪ್ಲಗ್ ಹಾಕಬೇಡಿ, ಒಳಗಿನ ಬೆಚ್ಚಗೇ ಸಾಕು. ತೆಗೆದು ಒರೆಸಿದರೆ ಹಾಲಿನ ಗಸಿ, ಜಾಮ್, ಚೀಸಿನ ಅರ್ಧ ಭಾಗ ಹೋಗಿರುತ್ತದೆ. ಆಗಾಗ ಕ್ಲೀನ್ ಮಾಡುವ ಮೇಕರ್ ಆದರೆ ಇಲ್ಲಿಗೇ ನಿಲ್ಲಿಸಬಹುದು. ಸೋಡಾ ಇದೆ ಅಂತ ಪ್ರತಿ ಸಲ ಹಾಕಬೇಕಾಗಿಲ್ಲ.

ಹಂತ 3: ಸೋಡಾ ಪೇಸ್ಟ್

ಮೂರು ಚಮಚ ಅಡುಗೆ ಸೋಡಾಗೆ ಒಂದು ಚಮಚ ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಲಿಕ್ವಿಡ್. ಲಿಕ್ವಿಡ್ ಯಾಕೆಂದರೆ ನಾನ್‌ಸ್ಟಿಕ್ ಮೇಲೆ ನೀರು ನಿಲ್ಲದೆ ಸರಿದುಹೋಗುತ್ತದೆ. ಸೋಪು ಇದ್ದರೆ ಹರಡಿಕೊಂಡು ಕೂರುತ್ತದೆ. ಕಲಸಿದ ಮೇಲೆ ಚಮಚ ಓರೆ ಮಾಡಿ ನೋಡಿ. ಪೇಸ್ಟ್ ಇಳಿಯಬಾರದು. ಇಳಿದರೆ ಇನ್ನಷ್ಟು ಸೋಡಾ ಸೇರಿಸಿ. ತೆಳುವಾದ ಪೇಸ್ಟ್ ಪ್ಲೇಟಿನ ಅಂಚಿನ ಸಂದಿಯೊಳಗೆ ಇಳಿಯುತ್ತದೆ.

ಕೆಳಗಿನ ಪ್ಲೇಟಿಗೆ ಬೆರಳಿನಿಂದಲೇ ಹಚ್ಚಿ. ಇಡೀ ಪ್ಲೇಟಿಗೆ ಬಳಿಯಬೇಕಿಲ್ಲ. ಕಂದು, ಕಪ್ಪು ಇರುವ ಕಡೆ ದಪ್ಪಗೆ, ಉಳಿದೆಡೆ ಬೇಡ. ಅಂಚಿನಿಂದ ಒಂದು ಬೆರಳಿನ ಅಗಲ ಬಿಟ್ಟು ಹಚ್ಚಿದರೆ ಸಂದಿಗೆ ಹೋಗುವುದಿಲ್ಲ. ಅಂಚಿನಲ್ಲೇ ಜಿಡ್ಡು ಇದ್ದರೆ ಅದಕ್ಕೆ ಆಮೇಲೆ ಹತ್ತಿ ಕಡ್ಡಿ ಇದೆ.

ಮೇಲಿನ ಪ್ಲೇಟಿನದ್ದೇ ತೊಂದರೆ. ಹಚ್ಚಿದ್ದು ಉದುರಿ ಬೀಳುತ್ತದೆ. ಅದಕ್ಕೆ ಹೀಗೆ ಮಾಡಿ: ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಪ್ಲೇಟಿನ ಅಳತೆಗೆ ಮಡಚಿ, ಅದರ ಮೇಲ್ಮುಖಕ್ಕೆ ಪೇಸ್ಟ್ ಸವರಿ. ಕೆಳಗಿನ ಪ್ಲೇಟಿನ ಪೇಸ್ಟ್ ಮೇಲೆ ಆ ಬಟ್ಟೆ ಇಟ್ಟು ಮುಚ್ಚಳ ಮುಚ್ಚಿಬಿಡಿ. ಬ್ರೆಡ್ ಇಡುವ ಜಾಗದಲ್ಲಿ ಈಗ ಸೋಡಾ ಬಟ್ಟೆ ಕೂತಿದೆ. ಮೇಲೂ ಕೆಳಗೂ ಪೇಸ್ಟ್ ಒತ್ತಿಕೊಂಡಿರುತ್ತದೆ. ಬಟ್ಟೆ ಒದ್ದೆ ಇರುವುದರಿಂದ ಪೇಸ್ಟ್ ಒಣಗುವುದೂ ಇಲ್ಲ. ಇದು ಬಹಳ ಮುಖ್ಯ. ಒಣಗಿದ ಸೋಡಾ ಕೆಲಸ ಮಾಡುವುದಿಲ್ಲ. ಬಿಳಿ ಪುಡಿಯಾಗಿ ಸಂದಿ ಸೇರುತ್ತದೆ ಅಷ್ಟೇ. ಕೊಂಡಿ ಹಾಕಿ ಬಿಗಿಯಬೇಡಿ, ಮುಚ್ಚಳದ ಭಾರವೇ ಸಾಕು.

20ರಿಂದ 30 ನಿಮಿಷ ಬಿಡಿ. ವರ್ಷಗಟ್ಟಲೆ ಕೂತ ಜಿಡ್ಡಾದರೆ 45 ನಿಮಿಷ. ರಾತ್ರಿಯಿಡೀ ಬಿಡಿ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಪೇಸ್ಟ್ ಒಣಗುತ್ತದೆ. ಕೋಟಿಂಗ್ ಸವೆದ ಕಡೆ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಒಂದೇ ಸಲ ಉದ್ದಕ್ಕೆ ಬಿಡುವ ಬದಲು ಅರ್ಧ ಗಂಟೆಯಂತೆ ಎರಡು ಸಲ ಮಾಡುವುದು ಮೇಲು.

ತೆರೆದಾಗ ಪೇಸ್ಟ್ ಅಲ್ಲಲ್ಲಿ ಕೆಂಪಾಗಿದ್ದರೆ ಗಾಬರಿ ಬೇಡ. ನಮ್ಮ ಕಡೆ ಸ್ಯಾಂಡ್‌ವಿಚ್ಚಿಗೆ ಆಲೂಗಡ್ಡೆ ಪಲ್ಯ ತುಂಬುವುದು ಜಾಸ್ತಿ, ಪಲ್ಯಕ್ಕೆ ಅರಿಶಿನ ಇದ್ದೇ ಇರುತ್ತದೆ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡುತ್ತೇವಲ್ಲ, ಅದೇ ಕ್ರಿಯೆ ಇಲ್ಲೂ ನಡೆದಿದೆ. ತುಕ್ಕೂ ಅಲ್ಲ, ಕೋಟಿಂಗ್ ಕರಗಿದ್ದೂ ಅಲ್ಲ. ಒರೆಸಿದರೆ ಹೋಗುತ್ತದೆ. ಬಟ್ಟೆಗೆ ಆದ ಕಲೆ ಮಾತ್ರ ಹಳೇ ಬಟ್ಟೆಗೇ ಆಗಲಿ ಅಂತ ಮೊದಲೇ ಬನಿಯನ್ ಅಂದದ್ದು.

ಹಂತ 4: ಒರೆಸುವುದು

ಅದೇ ಬಟ್ಟೆಯಿಂದ ಪೇಸ್ಟನ್ನು ಸಣ್ಣ ಸಣ್ಣ ಸುತ್ತಿನಲ್ಲಿ ಹಗುರವಾಗಿ ಆಡಿಸಿ. ಗ್ರಿಲ್ ಪ್ಲೇಟಾದರೆ ಗೆರೆಯ ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಬೇಡ. ಅಡ್ಡಕ್ಕೆ ಉಜ್ಜಿದರೆ ಗೆರೆಗಳ ನೆತ್ತಿಯ ಕೋಟಿಂಗ್ ಮಾತ್ರ ಸವೆಯುತ್ತದೆ, ತಗ್ಗಿನ ಜಿಡ್ಡು ಹಾಗೇ ಇರುತ್ತದೆ. ತಗ್ಗಿಗೆ ಬಿದಿರಿನ ಕಡ್ಡಿಯ ತುದಿಗೆ ಒದ್ದೆ ಬಟ್ಟೆ ಸುತ್ತಿ ಎಳೆದರೆ ಜಿಡ್ಡು ಉದ್ದಕ್ಕೆ ಎದ್ದು ಬರುತ್ತದೆ.

ತ್ರಿಕೋನದ ಅಚ್ಚಿನಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ನಡುವಿನ ಏಣಿನ ಎರಡೂ ಬದಿ. ಬ್ರೆಡ್ಡಿನಿಂದ ಹೊರಬಿದ್ದ ಚೀಸ್ ಹೋಗಿ ನಿಲ್ಲುವುದು ಅಲ್ಲೇ. ಟೂತ್‌ಬ್ರಷ್‌ಗೆ ಸ್ವಲ್ಪ ಪೇಸ್ಟ್ ಹಾಕಿ ಏಣಿನ ಬುಡದಲ್ಲಿ ಮೆಲ್ಲಗೆ ಆಡಿಸಿ. ಅಚ್ಚಿನ ಮೂಲೆಗಳಿಗೆ ಹತ್ತಿ ಕಡ್ಡಿ.

ಒಂದೆರಡು ಕಪ್ಪು ಚುಕ್ಕೆ ಹಟ ಮಾಡುತ್ತವೆ. ಅಲ್ಲಿ ಉಗುರಿನಿಂದ ಕೆರೆಯಬೇಕು ಅನಿಸುತ್ತದೆ. ಬೇಡ. ಆ ಚುಕ್ಕೆಯ ಮೇಲೆ ಮಾತ್ರ ಮತ್ತೆ ಪೇಸ್ಟ್ ಇಟ್ಟು, ಮೇಲೆ ಒದ್ದೆ ಟಿಶ್ಯೂ ಮುಚ್ಚಿ 15 ನಿಮಿಷ ಬಿಡಿ. ಆಮೇಲೆ ಮರದ ಸೌಟಿನ ಅಂಚಿನಿಂದ ದೂಡಿದರೆ ಹಲವು ಸಲ ಹಕ್ಕಳೆಯಂತೆ ಇಡಿಯಾಗಿ ಎದ್ದುಬಿಡುತ್ತದೆ. ಎರಡನೇ ಸಲಕ್ಕೂ ಬಿಡದಿದ್ದರೆ, ಬೆರಳಾಡಿಸಿ ನೋಡಿ. ನುಣ್ಣಗಿದ್ದರೆ ಅದು ಬರೀ ಬಣ್ಣ, ಜಿಡ್ಡಲ್ಲ. ಬಿಟ್ಟುಬಿಡಿ. ಬಣ್ಣ ಬ್ರೆಡ್ಡಿಗೆ ಅಂಟುವುದಿಲ್ಲ. ಪ್ಲೇಟು ಅಂಗಡಿಯಲ್ಲಿದ್ದ ಹಾಗೆ ಹೊಳೆಯಲೇಬೇಕು ಅನ್ನುವ ಹಟದಲ್ಲೇ ಎಷ್ಟೋ ಒಳ್ಳೇ ಮೇಕರ್‌ಗಳು ಹಾಳಾಗಿವೆ.

ಹಂತ 5: ಸೋಡಾವನ್ನು ತೆಗೆಯುವುದು

ಇದನ್ನು ಹೆಚ್ಚಿನವರು ಅವಸರದಲ್ಲಿ ಮಾಡಿ ಮುಗಿಸುತ್ತಾರೆ. ಆದರೆ ಮುಂದಿನ ಸ್ಯಾಂಡ್‌ವಿಚ್ಚಿನ ರುಚಿ ನಿಂತಿರುವುದು ಇದರ ಮೇಲೆ. ಸೋಡಾ ಉಳಿದ ಕಡೆ ಬ್ರೆಡ್ ಸಬ್ಬು ಸಬ್ಬಾಗಿ, ಸೋಪಿನ ರುಚಿಯಾಗಿ ಬರುತ್ತದೆ. ಕ್ಷಾರ ಇರುವಲ್ಲಿ ಬ್ರೆಡ್ ಬೇಗ ಕೆಂಪಗಾಗುವುದರಿಂದ ಅಲ್ಲಲ್ಲಿ ಕಂದು ಮಚ್ಚೆಗಳೂ ಬೀಳುತ್ತವೆ.

ಬೇರೆ ಶುಭ್ರ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ ಒರೆಸಿ. ಬಟ್ಟೆ ಜಾಲಾಡಿ, ಮತ್ತೆ ಒರೆಸಿ. ಮೂರು ನಾಲ್ಕು ಸಲ ಬೇಕಾಗುತ್ತದೆ. ಆಮೇಲೂ ಒಣಗಿದಾಗ ಬಿಳಿ ಮಂಜು ಕಾಣಬಹುದು. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದು ಜಾಸ್ತಿ, ಏಕೆಂದರೆ ಗಡಸು ನೀರಿನ ಸುಣ್ಣದಂಶವೂ ಸೇರಿ ಕೂರುತ್ತದೆ. ಈಗ ಹುಳಿಯ ಸರದಿ. ಅರ್ಧ ಲೋಟ ನೀರಿಗೆ ಒಂದು ಚಮಚ ಬಿಳಿ ವಿನೆಗರ್, ಇಲ್ಲವೇ ನಾಲ್ಕೈದು ಹನಿ ಸೋಸಿದ ನಿಂಬೆರಸ. ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಬಿಳುಪು ಮಾಯ. ಕೊನೆಗೆ ಬರೀ ನೀರಿನ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ. ನಿಮ್ಮ ಮನೆ ನೀರು ತುಂಬಾ ಗಡಸಾದರೆ ಕೊನೆಯ ಒರೆಸುವಿಕೆಗೆ ಫಿಲ್ಟರ್ ನೀರು ಬಳಸಿ.

ಹಂತ 6: ಒಣಗಿಸಿ, ಕಾಯಿಸಿ ನೋಡುವುದು

ಮುಚ್ಚಳ ತೆರೆದೇ ಇಟ್ಟು ನಾಲ್ಕೈದು ಗಂಟೆ ಗಾಳಿಗೆ ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಒಂದು ದಿನ ಪೂರ್ತಿ ಬಿಡುವುದು ಒಳ್ಳೆಯದು. ಅಂಚಿನ ಸಂದಿಗೆ ನೀರು ಹೋಯಿತೇನೋ ಅಂತ ಅನುಮಾನ ಇದ್ದರೂ ಅಷ್ಟೇ, ಒಂದು ದಿನ ಕಾಯಿರಿ. ಬೇಗ ಒಣಗಲಿ ಅಂತ ಒಲೆಯ ಪಕ್ಕ ಇಡಬೇಡಿ.

ನಂತರ ಕೈ ಒಣಗಿಸಿಕೊಂಡು ಪ್ಲಗ್ ಹಾಕಿ. ಮುಚ್ಚಳ ಅರೆ ತೆರೆದು, ಬ್ರೆಡ್ ಇಲ್ಲದೆ ಮೂರು ನಾಲ್ಕು ನಿಮಿಷ ಕಾಯಿಸಿ, ಕಿಟಕಿ ತೆರೆದಿರಲಿ. ಸ್ವಲ್ಪ ಆವಿ ಬರುವುದು ಸಹಜ. ಹಳೇ ವಾಸನೆ ಬಂದರೆ ಎಲ್ಲೋ ಜಿಡ್ಡು ಉಳಿದಿದೆ ಅಂತ ಅರ್ಥ, ಕೀಲಿನ ಹತ್ತಿರ ನೋಡಿ. ಆರ್‌ಸಿಸಿಬಿ ಟ್ರಿಪ್ ಆದರೆ, ಅಥವಾ ಮೈ ಜುಮ್ಮೆಂದರೆ, ಸ್ವಿಚ್‌ಬೋರ್ಡಿನಲ್ಲಿ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಇನ್ನೊಂದು ಸಲ ಹಾಕಿ ನೋಡೋಣ ಅನ್ನಬೇಡಿ. ರಿಪೇರಿಯವರಿಗೆ ತೋರಿಸಿದ ಮೇಲೆಯೇ ಬಳಸಿ.

ಎಲ್ಲ ಸರಿ ಇದ್ದರೆ ಒಂದು ಬ್ರೆಡ್ ತುಂಡನ್ನು ಖಾಲಿಯಾಗಿ ಸುಟ್ಟು ತೆಗೆಯಿರಿ. ಕಣ್ಣಿಗೆ ಕಾಣದ ಸೋಡಾ ಏನಾದರೂ ಇದ್ದರೆ ಅದು ಹೀರಿಕೊಳ್ಳುತ್ತದೆ. ಆ ತುಂಡನ್ನು ಎಸೆದುಬಿಡಿ.

ಹೊರಗಿನ ಮೈ

ಪ್ಲಾಸ್ಟಿಕ್ ಬಾಡಿಗೆ ಪಾತ್ರೆ ಲಿಕ್ವಿಡ್‌ನ ಒದ್ದೆ ಬಟ್ಟೆ ಸಾಕು. ಸ್ಟೀಲ್ ಮುಚ್ಚಳವಿದ್ದರೆ ಅದರಲ್ಲಿ ಕಾಣುವ ಸಣ್ಣ ಗೆರೆಗಳ ದಿಕ್ಕಿನಲ್ಲೇ ಒರೆಸಿ. ಕಂಪನಿ ಹೆಸರು, ದೀಪದ ಪಕ್ಕದ ಅಕ್ಷರಗಳ ಮೇಲೆ ಸೋಡಾ ಆಡಿಸಬೇಡಿ, ಅಳಿಸಿಹೋಗುತ್ತವೆ. ಕೀಲಿನ ಸಂದಿ, ಹಿಡಿಯ ಕೆಳಭಾಗ, ಕೊಂಡಿ, ಇವು ಕಣ್ಣಿಗೆ ಬೀಳದ ಜಾಗಗಳು. ಇರುವೆ, ಜಿರಲೆ ಬರುವುದು ಇಲ್ಲಿಯ ಪುಡಿಗೇ. ಎತ್ತಿಡುವಾಗ ಹಳೇ ದಿಂಬಿನ ಚೀಲದಲ್ಲಿ ಹಾಕಿಟ್ಟರೆ ಧೂಳೂ ಕೂರುವುದಿಲ್ಲ.

ಗ್ಯಾಸ್ ಒಲೆಯ ಅಲ್ಯೂಮಿನಿಯಂ ಟೋಸ್ಟರ್

ಉದ್ದ ಹಿಡಿಯ, ಎರಡು ಮುಚ್ಚಳದ ಈ ಟೋಸ್ಟರ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಇದರಲ್ಲಿ ಆಗುವ ಸ್ಯಾಂಡ್‌ವಿಚ್ಚಿನ ಗರಿಗರಿ ಬೇರೆಯೇ. ಕರೆಂಟಿನ ಭಯ ಇಲ್ಲದ್ದರಿಂದ ನಲ್ಲಿಯ ಕೆಳಗೇ ತೊಳೆಯಬಹುದು. ಆದರೆ ಒಳಮೈ ಕೋಟಿಂಗ್ ಇಲ್ಲದ ಅಲ್ಯೂಮಿನಿಯಂ ಆದರೆ ಸೋಡಾ ಜೊತೆ ಜಾಗ್ರತೆ ಬೇಕು. ಸೋಡಾ ನೀರಿನಲ್ಲಿ ಹಾಕಿ ಕುದಿಸುವುದು ದೊಡ್ಡ ತಪ್ಪು. ಕುದಿದಾಗ ಅಡುಗೆ ಸೋಡಾ ವಾಷಿಂಗ್ ಸೋಡಾ ಆಗುತ್ತದೆ, ಅಲ್ಯೂಮಿನಿಯಂ ಮಂಕಾಗಿ ಕಪ್ಪಾಗುತ್ತದೆ.

ಪೇಸ್ಟ್ ಹಚ್ಚಿ ಹತ್ತೇ ನಿಮಿಷ ಬಿಡಿ. ಇಲ್ಲಿ ತೆಂಗಿನ ನಾರು ಧಾರಾಳವಾಗಿ ಬಳಸಬಹುದು. ಉಜ್ಜಿ, ಚೆನ್ನಾಗಿ ತೊಳೆದು, ಕಪ್ಪಗೆ ಕಂಡ ಕಡೆ ನೆನೆಸಿದ ಹುಣಸೆಹಣ್ಣಿನಿಂದ ತಿಕ್ಕಿ. ಹಿತ್ತಾಳೆ ಪಾತ್ರೆಗೆ ಮಾಡುವ ಹಾಗೇ. ಹುಳಿ ಆ ಕಪ್ಪನ್ನು ತೆಗೆಯುತ್ತದೆ. ಹುಳಿಯೂ ಉಳಿಯದ ಹಾಗೆ ತೊಳೆದು ತಕ್ಷಣ ಒರೆಸಿ. ಕಪ್ಪು ಹಿಡಿಗಳನ್ನು ನೀರಿನಲ್ಲಿ ನೆನೆಹಾಕಬೇಡಿ. ಒಳಗಿನ ಸ್ಕ್ರೂ ತುಕ್ಕು ಹಿಡಿದು ಹಿಡಿ ಅಲುಗಾಡತೊಡಗುತ್ತದೆ. ಒಳಮೈಗೆ ನಾನ್‌ಸ್ಟಿಕ್ ಇರುವ ಗ್ಯಾಸ್ ಟೋಸ್ಟರ್ ಆದರೆ ನಾರು ಬೇಡ, ಮೇಲೆ ಹೇಳಿದ ಬಟ್ಟೆಯ ಕ್ರಮವೇ.

ಯಾವಾಗ ಕೈಬಿಡಬೇಕು

ಕೋಟಿಂಗ್ ಹೊಪ್ಪಳಿಕೆ ಎದ್ದು ಬರುತ್ತಿದ್ದರೆ, ಬೆಳ್ಳನೆ ಲೋಹ ಅಂಗೈಯಗಲ ಕಾಣುತ್ತಿದ್ದರೆ, ಸೋಡಾ ಏನೂ ಮಾಡಲಾರದು. ಆ ಜಾಗದಲ್ಲಿ ಬ್ರೆಡ್ ಪ್ರತಿ ಸಲ ಅಂಟುತ್ತದೆ, ಕೀಳಲು ಹೋದಾಗ ಇನ್ನಷ್ಟು ಕೋಟಿಂಗ್ ಏಳುತ್ತದೆ. ಸ್ವಲ್ಪ ಸಮಯ ಬೇಕಿಂಗ್ ಪೇಪರ್ ಮಡಚಿ ಬ್ರೆಡ್ಡನ್ನು ಅದರ ನಡುವೆ ಇಟ್ಟು ಸುಡಬಹುದು. ಪೊಟ್ಟಣದ ಮೇಲೆ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ನೋಡಿಕೊಂಡು ಕೊಳ್ಳಿ. ಮೇಣ ಹಚ್ಚಿದ ಪೇಪರ್ ಆಗದು. ಆದರೆ ಇದು ತಾತ್ಕಾಲಿಕ. ಕೋಟಿಂಗ್ ಚೂರು ತಿಂಡಿಯಲ್ಲಿ ಕಾಣತೊಡಗಿದರೆ ಹೊಸದು ತನ್ನಿ.

ಮತ್ತೆ ಇಷ್ಟು ಕಟ್ಟದಿರಲು

ತಿಂದು ಮುಗಿಸಿದ ಮೇಲೆ ಮೇಕರ್ ಇನ್ನೂ ಬೆಚ್ಚಗಿರುತ್ತದಲ್ವಾ, ಆಗ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸುವುದು ಅರ್ಧ ನಿಮಿಷದ ಕೆಲಸ. ಈ ಅಭ್ಯಾಸ ಒಂದಿದ್ದರೆ ಸೋಡಾ ಪೇಸ್ಟ್ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಮನೆಯಲ್ಲಿ ದಿನಾ ಮಕ್ಕಳ ಡಬ್ಬಿಗೆ ಸ್ಯಾಂಡ್‌ವಿಚ್ ಹೋಗುತ್ತಿದ್ದರೆ ತಿಂಗಳಿಗೊಮ್ಮೆ ಇಟ್ಟುಕೊಳ್ಳಿ.

ಬೆಣ್ಣೆಯನ್ನು ಪ್ಲೇಟಿಗೆ ಹಾಕದೆ ಬ್ರೆಡ್ಡಿಗೆ ತೆಳುವಾಗಿ ಸವರಿ. ತುಪ್ಪ ಸವರಿದರೆ ಇನ್ನೂ ವಾಸಿ. ಕಾಯಿಸಿ ಸೋಸಿದ ತುಪ್ಪದಲ್ಲಿ ಹಾಲಿನ ಗಸಿ ಇರುವುದಿಲ್ಲ, ಹಾಗಾಗಿ ಸೀಯುವುದು ಕಡಿಮೆ. ಡಬ್ಬಿಯಲ್ಲಿ ಬರುವ ಎಣ್ಣೆ ಸ್ಪ್ರೇ ನಾನ್‌ಸ್ಟಿಕ್‌ಗೆ ಬೇಡ. ಎಣ್ಣೆ ಹರಡಲಿ ಅಂತ ಅದರಲ್ಲಿ ಲೆಸಿಥಿನ್ ಸೇರಿಸಿರುತ್ತಾರೆ. ಅದು ಕಾದು ಕಾದು ಗೋಂದಾಗುತ್ತದೆ, ಸೋಡಾಗೂ ಸುಲಭಕ್ಕೆ ಜಗ್ಗುವುದಿಲ್ಲ. ಚೀಸ್ ತುರಿಯನ್ನು ಬ್ರೆಡ್ಡಿನ ಅಂಚಿನಿಂದ ಒಂದು ಬೆರಳು ಒಳಗೆ ಹಾಕಿ. ಪಲ್ಯ ನೀರಾಗಿದ್ದರೆ ಒಲೆ ಮೇಲೆ ಸ್ವಲ್ಪ ಬತ್ತಿಸಿ ತುಂಬಿ. ಟೊಮೇಟೊ, ಸೌತೆಕಾಯಿ ಹೋಳನ್ನು ಟಿಶ್ಯೂ ಮೇಲೆ ಹರಡಿ ನೀರು ಹೀರಿಸಿದರೆ ಬ್ರೆಡ್ಡೂ ಮೆತ್ತಗಾಗದು, ರಸವೂ ಪ್ಲೇಟಿಗೆ ಇಳಿಯದು.

ಬಟ್ಟಲಿನಲ್ಲಿ ಉಳಿದ ಪೇಸ್ಟ್ ಡಬ್ಬಕ್ಕೆ ತುಂಬಿಡುವಂಥದ್ದಲ್ಲ, ಮರುದಿನಕ್ಕೆ ಗಟ್ಟಿಯಾಗುತ್ತದೆ. ಅವತ್ತೇ ಟೀ ಸೋಸುವ ಸ್ಟೀಲ್ ಜಾಲರಿಗೋ, ಕಾಫಿ ಕಲೆ ಹಿಡಿದ ಪಿಂಗಾಣಿ ಕಪ್ಪಿಗೋ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ.